ಬಂಗಾರವೂ ಬೇಗಡೆಯೂ

ಮನೆಯಲ್ಲಿ ಬಂಗಾರ ಕಳೆದರೆ ಸದ್ದಿಲ್ಲದೆ ಹುಡುಕಬೇಕು. ನಾವು ಓಣಿಗೆಲ್ಲ ಕೇಳುವ ಹಾಗೆ ಕುಂಯ್ ಕುಂಯ್ ಅನ್ನುವ ಯಂತ್ರವನ್ನೇ ತರಿಸಿದೆವು.

ಕಳೆದದ್ದು ವೈನಿಯ ಬೆಂಡೋಲೆಯ ತಿರುಪು. ಬಿದ್ದದ್ದು ಬೀದರ್ ಹತ್ತಿರದ ನಮ್ಮೂರ ಮನೆಯ ಅಂಗಳದಲ್ಲಿ, ತೊಗರಿ ಒಣಹಾಕುವಾಗ. ಅಣ್ಣನ ಮಗ ಆನ್‌ಲೈನ್‌ನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿ, "ಕಾಕಾ, ಕಸ ಯಾವ್ದು, ಬಂಗಾರ ಯಾವ್ದು ಅಂತ ನಂಬರ್ ತೋರಸ್ತದ" ಅಂದ.

ತೋರಿಸುತ್ತದೆ, ನಿಜ. ಯಂತ್ರದ ಕೆಳಗಿನ ತಂತಿಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ. ಅಡಿಯಲ್ಲಿ ಲೋಹ ಇದ್ದರೆ ಅದರೊಳಗೆ ಸುಳಿ ಸುತ್ತುವ ಸಣ್ಣ ವಿದ್ಯುತ್ ಹುಟ್ಟಿ, ತಿರುಗಿ ಉತ್ತರ ಕೊಡುತ್ತದೆ. ಆ ಉತ್ತರ ಎಷ್ಟು ಹಿಂದೆ ಬಿತ್ತು ಅನ್ನೋದರ ಮೇಲೆ ನಂಬರ್. ದಪ್ಪ ಬೆಳ್ಳಿ ನಾಣ್ಯಕ್ಕೆ ದೊಡ್ಡ ನಂಬರ್. ಕಬ್ಬಿಣದ ಉತ್ತರವೇ ಬೇರೆ ಥರ, ಹಾಗಾಗಿ ಮೊಳೆ ಬೇಡ ಅಂದರೆ ಯಂತ್ರ ಬಹುಮಟ್ಟಿಗೆ ಸುಮ್ಮನಿರುತ್ತದೆ. ತೊಂದರೆ ಇರೋದು ಸಣ್ಣ ಬಂಗಾರದ್ದು. ತುಣುಕು ಚಿಕ್ಕದಾದರೆ ಸುಳಿ ಹುಟ್ಟಿದ ತಕ್ಷಣ ಸಾಯುತ್ತದೆ. ತೆಳ್ಳನೆಯ ಅಲ್ಯೂಮಿನಿಯಂ ಬೇಗಡೆಯಲ್ಲೂ ಅಷ್ಟೇ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ನಂಬರ್. ಬೇಗಡೆ ಬೇಡ ಅಂತ ಗುಂಡಿ ಒತ್ತಿದರೆ ತಿರುಪೂ ಹೋಯಿತು. ಯಂತ್ರಕ್ಕೆ ಸರಾಫ್ ಅಂಗಡಿಯ ರೇಟು ಗೊತ್ತಿಲ್ಲ, ಅಲ್ವಾ?

ಸಾಲದ್ದಕ್ಕೆ ಬೀದರಿನ ಮಣ್ಣು. ಬಿದ್ರಿ ಪಾತ್ರೆಗೆ ಕಪ್ಪು ಕೊಡೋದೇ ಕೋಟೆಯ ಮಣ್ಣು, ಲೋಹದ ಜೊತೆ ಅದಕ್ಕೆ ಹಳೇ ಸಲಿಗೆ. ನಮ್ಮ ಅಂಗಳವೋ ಲ್ಯಾಟರೈಟ್, ಮೈತುಂಬ ಕಬ್ಬಿಣದ ಅಂಶ. ಏನೂ ಇಲ್ಲದ ಜಾಗದಲ್ಲೂ ಕುಂಯ್. ಹುಡುಗ ಮಂತ್ರ ಹಾಕುವವನ ಹಾಗೆ ಸುರುಳಿಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಮಣ್ಣಿನ ಸದ್ದು ಕಳೆದ. ಪಕ್ಕದ ಮನೆಯ ಹಿರಿಯರು ಗೋಡೆಯಾಚೆಯಿಂದ ಮೆಲ್ಲಗೆ ಕೇಳಿದರು: "ನಿಧಿ ಏನ್ರಿ?"

ಆಮೇಲೆ ಅಗೆತ. ಸಣ್ಣ ಬಂಗಾರ ಬೇಕಾದವರು ಕಡಿಮೆ ನಂಬರಿನ ಕೂಗನ್ನೆಲ್ಲ ಅಗೆಯಲೇಬೇಕು. ಮೊದಲು ಬಂದದ್ದು ಸಿಗರೇಟ್ ಪ್ಯಾಕಿನೊಳಗಿನ ಬೇಗಡೆ. ಅಣ್ಣ ಸಿಗರೇಟ್ ಬಿಟ್ಟು ವರ್ಷಗಳಾದವು ಅಂತ ನಾವೆಲ್ಲ ನಂಬಿದ್ದೆವು. ಬೇಗಡೆ ಮಾತ್ರ ಹೊಸದು, ಮಿಂಚು ಕೂಡ ಮಾಸಿರಲಿಲ್ಲ. ವೈನಿ ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ಏನೂ ಅನ್ನಲಿಲ್ಲ. ಅಣ್ಣ "ಯಾರರೆ ಕೂಲಿಯವರದ್ದು ಇರ್ಬೇಕು" ಅಂದು ಎಮ್ಮೆಗೆ ನೀರು ಕುಡಿಸಲು ಹೋದ. ಎಮ್ಮೆ ಆಗಷ್ಟೇ ಕುಡಿದಿತ್ತು.

ಮುಂದಿನ ಕೂಗು ತುಳಸಿಕಟ್ಟೆಯ ಬುಡದಲ್ಲಿ. ವೈನಿ ತಾವೇ ಕೂತು ಕೆದರಿದರು. ಸಿಕ್ಕಿದ್ದು ಮಾತ್ರೆಯ ಸ್ಟ್ರಿಪ್. ಅವ್ವನ ಬಿಪಿ ಮಾತ್ರೆ. ಒಂದೊಂದು ಗುಳ್ಳೆಯಲ್ಲೂ ಮಾತ್ರೆ ಹಾಗೇ ಕೂತಿತ್ತು. ದಿನಾ ಊಟವಾದ ಮೇಲೆ "ನುಂಗೀನವ್ವಾ" ಅನ್ನುತ್ತಿದ್ದ ಅವ್ವ ಈಗ ಸಿಟ್ಟಿಗೆದ್ದಳು. "ಸುಡುಗಾಡು ಮಷೀನು! ಬಂಗಾರ ಹುಡುಕಂದ್ರ ಮಂದಿ ಗುಟ್ಟು ಹುಡುಕ್ತದ."

ತಿರುಪು ಸಿಗಲಿಲ್ಲ. ಬಂಗಾರದ ಕಾಳು ಹುಡುಕುವವರು 45 ಕಿಲೋಹರ್ಟ್ಸ್, ಅಂದರೆ ಕಾಂತಕ್ಷೇತ್ರ ಸೆಕೆಂಡಿಗೆ 45 ಸಾವಿರ ಸಲ ಮಿಡಿಯುವ, ಅದಕ್ಕೂ ಮೇಲಿನ ಯಂತ್ರ ಇಟ್ಟುಕೊಳ್ಳುತ್ತಾರೆ. ನಮ್ಮ ಅಗ್ಗದ ಯಂತ್ರ 10ರ ಆಸುಪಾಸಿನದು. ವೈನಿ ಸರಾಫ್ ಅಂಗಡಿಯಲ್ಲಿ ಹೊಸ ತಿರುಪು ಮಾಡಿಸಿಕೊಂಡರು. ಯಂತ್ರ ವಾಪಸ್ ಕಳಿಸಿಬಿಡೋಣ ಅಂತ ಅಣ್ಣ, ಅವ್ವ ಒಂದೇ ಉಸಿರಿನಲ್ಲಿ ಹೇಳಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನಂತೂ ಮೊದಲು ನೋಡಿರಲಿಲ್ಲ.

"ಇರ್ಲಿ ಬಿಡ್ರಿ," ಅಂದರು ವೈನಿ. "ತಿಂಗಳಿಗೊಮ್ಮೆ ಅಂಗಳ ನೋಡಿದ್ರ ಛಲೋ."