ಧಾರವಾಡದ ನೀರಲ್ಲಿ ಅಂಥದ್ದೇನಿದೆ?

ಈಚೆಗೆ ನನ್ನ ಫೋನಿಗೆ ಒಂದೇ ಥರದ ಜಾಹೀರಾತು ಬರುತ್ತಿವೆ. ‘ಮಲೆನಾಡಿನ ಮಂಜಿನಲ್ಲಿ ಕೂತು ನಿಮ್ಮ ಕಾದಂಬರಿ ಮುಗಿಸಿ.’ ಜೊತೆಗೊಂದು ಫೋಟೊ. ಮರದ ಮೇಜು, ಅದರ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಕಾಫಿ, ಎದುರಿಗೆ ಗುಡ್ಡದ ಸಾಲು. ಬರೆಯುವವರು ಮಾತ್ರ ಫೋಟೊದಲ್ಲಿ ಇರುವುದಿಲ್ಲ. ಆ ಹೋಮ್‌ಸ್ಟೇ ರೂಮಿನ ಬಾಡಿಗೆ ನೋಡಿದರೆ ಕಾದಂಬರಿ ಬರೆದು ಈ ಜನ್ಮದಲ್ಲಿ ಅಷ್ಟು ದುಡ್ಡು ಬರೋದಿಲ್ಲ ಅನ್ನೋದು ಖಾತ್ರಿ.

ಹೋಗಬೇಡಿ ಅನ್ನುತ್ತಿಲ್ಲ. ಹೋಗಿ, ಕಡುಬು ತಿಂದು, ಮಳೆ ಸದ್ದು ಕೇಳುತ್ತಾ ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ನನ್ನ ತಕರಾರು ಇರುವುದು ಆ ಜಾಹೀರಾತಿನ ಹಿಂದಿರುವ ನಂಬಿಕೆಯ ಬಗ್ಗೆ. ಚಂದದ ಜಾಗ ಸಿಕ್ಕಿಬಿಟ್ಟರೆ ಬರವಣಿಗೆ ತಾನಾಗೇ ಹರಿದು ಬರುತ್ತದೆ ಅನ್ನೋ ನಂಬಿಕೆ. ನಾನು ಓದಿ ತಿಳಿದ ಮಟ್ಟಿಗೆ ದೊಡ್ಡ ಬರಹಗಾರರ ಬದುಕಿನಲ್ಲಿ ಹಾಗೆ ಆದದ್ದು ಕಡಿಮೆ.

ಆರ್.ಕೆ. ನಾರಾಯಣ್ ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಸಿದಾಗ ಬರೆಯೋದಕ್ಕೆ ಅಂತಲೇ ಒಂದು ಕೋಣೆ ಮಾಡಿಸಿದರು. ಸುತ್ತ ಎಂಟು ಕಿಟಕಿ. ಒಂದು ಕಡೆ ಚಾಮುಂಡಿ ಬೆಟ್ಟದ ಗುಡಿ, ಇನ್ನೊಂದು ಕಡೆ ಊರಿನ ಗೋಪುರ, ಗುಮ್ಮಟ, ಬಯಲಲ್ಲಿ ಮೇಯುವ ದನ, ದೂರದಲ್ಲಿ ಹಾದು ಹೋಗುವ ರೈಲು. ಇಷ್ಟೆಲ್ಲ ಕಣ್ಣೆದುರಿಗೆ ಇಟ್ಟುಕೊಂಡು ಬರೆಯೋರು ಯಾರು? ಕೊನೆಗೆ ಅವರು ದಪ್ಪ ಪರದೆ ಇಳಿಬಿಟ್ಟುಕೊಂಡು ಬೂದು ಬಣ್ಣದ ಬಟ್ಟೆ ನೋಡುತ್ತಾ ಬರೆದರು. ಜಾಹೀರಾತಿನವರು ಇದನ್ನು ಹೇಳುವುದಿಲ್ಲ, ಪಾಪ.

ಹಾಗಾದರೆ ಕೆಲವು ಊರುಗಳಲ್ಲೇ ಬರೆಯುವವರು, ಹಾಡುವವರು ಯಾಕೆ ಜಾಸ್ತಿ? ಧಾರವಾಡವನ್ನೇ ತಗೊಳ್ಳಿ. ಅಲ್ಲಿ ಕಲ್ಲು ಎಸೆದರೆ ಅದು ಕವಿಯ ಮನೆ ಮೇಲೇ ಬೀಳುತ್ತದೆ ಅಂತ ಹಳೇ ಜೋಕಿದೆ. ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರವೂ ಹಳೆಯದೇ: ‘ಅದು ಈ ಮಣ್ಣಿನ ಗುಣ ನೋಡ್ರಿ. ನೀರು, ಗಾಳಿ ಎಲ್ಲಾ ಹಂಗೈತಿ.’ ಕೇಳೋದಕ್ಕೆ ಖುಷಿಯಾಗುತ್ತದೆ. ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ಊರು, ಶ್ರಾವಣದ ಜಿಟಿಜಿಟಿ ಮಳೆ, ಎಲ್ಲ ನಿಜ. ಆದರೆ ಅದೇ ಗಾಳಿ ಸುತ್ತಲಿನ ಹತ್ತಾರು ಊರುಗಳ ಮೇಲೂ ಬೀಸುತ್ತದೆ ಅಲ್ವಾ?

ನನಗೆ ಕಾಣೋದು ಬೇರೆ. ಆ ಕಡೆಯ ಕನ್ನಡ ಸೀಮೆ ಮುಂಬೈ ಸರ್ಕಾರದ ಒಂದು ಮೂಲೆಯಾಗಿದ್ದ ಕಾಲದಲ್ಲಿ ಧಾರವಾಡಕ್ಕೆ ಕನ್ನಡ ಶಾಲೆಗಳ ಮಾಸ್ತರರನ್ನು ತಯಾರು ಮಾಡುವ ಟ್ರೇನಿಂಗ್ ಕಾಲೇಜು ಬಂತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. 1950ರಲ್ಲಿ ಆಕಾಶವಾಣಿ ಬಂತು. ವಿಶ್ವವಿದ್ಯಾಲಯ ಬಂದು, ಪುಸ್ತಕ ಹೊರತರುವ ಅದರ ಪ್ರಸಾರಾಂಗದಲ್ಲಿ ಚೆನ್ನವೀರ ಕಣವಿಯವರಂಥ ಕವಿಗೆ ಕೆಲಸ ಸಿಕ್ಕಿತು. ಅಕ್ಷರ ನಂಬಿ, ಸ್ವರ ನಂಬಿ ಹೊಟ್ಟೆ ಹೊರೆಯಬಹುದಾದ ಊರು ಅದು. ದೊಡ್ಡ ಸಂಬಳ ಅಲ್ಲ. ಬಾಡಿಗೆ ಕಟ್ಟಿ, ತಿಂಗಳ ಕೊನೆಗೆ ಒಂದು ಪುಸ್ತಕ ಕೊಳ್ಳುವಷ್ಟು. ಹಾಗಾಗಿ ಸುತ್ತಲಿನ ಹಳ್ಳಿಗಳಿಂದ ಓದುವ ಹುಚ್ಚಿನವರೆಲ್ಲ ಅಲ್ಲಿ ಬಂದು ಸೇರಿದರು. ಸೇರಿದ ಮೇಲೆ ಮಾತಾಡದೆ ಇರುತ್ತಾರಾ?

ಬೇಂದ್ರೆಯವರ ಸುತ್ತ 1920ರ ದಶಕದಲ್ಲಿ ಕೂಡಿಕೊಂಡ ಗೆಳೆಯರ ಗುಂಪನ್ನು ನೆನೆಸಿಕೊಳ್ಳಿ. ಶಂ.ಬಾ. ಜೋಶಿ, ಮುಗಳಿ, ಗೋಕಾಕ, ಮಧುರಚೆನ್ನ, ಆನಂದಕಂದ. ಒಬ್ಬರು ನಾಡಿನ ಚರಿತ್ರೆ ಅಗೆಯುವವರು, ಒಬ್ಬರು ಇಂಗ್ಲಿಷ್ ಪ್ರೊಫೆಸರು, ಇನ್ನೊಬ್ಬರು ಜನಪದ ಹಾಡು ಕೂಡಿಸುತ್ತಾ ಅರವಿಂದರ ಧ್ಯಾನದಲ್ಲಿ ಮುಳುಗಿದವರು. ಇಂಥವರ ನಡುವೆ ಕೂತು ಹೊಸ ಪದ್ಯ ಓದಬೇಕು. ಸಾಧನಕೇರಿಯಲ್ಲಿ ಕೆರೆ ಇತ್ತು, ಮರ ಇತ್ತು, ನೆರಳಿತ್ತು. ಆ ಕೇರಿಯ ಮೇಲೆ ಬೇಂದ್ರೆ ಕಟ್ಟಿದ ಹಾಡು ಇವತ್ತಿಗೂ ಶಾಲೆ ಮಕ್ಕಳ ಬಾಯಲ್ಲಿದೆ. ಆದರೆ ಕೆರೆಯೇ ಪದ್ಯ ಬರೆಸಿತು ಅಂದರೆ, ಆ ಪದ್ಯ ಕೇಳಿ ‘ಇನ್ನೊಮ್ಮೆ ಓದ್ರಿ’ ಅನ್ನುತ್ತಿದ್ದ ಗೆಳೆಯರಿಗೆ ಅನ್ಯಾಯ ಆಗುತ್ತದೆ.

ಧಾರವಾಡದಲ್ಲಿ ನನಗೆ ತುಂಬಾ ಇಷ್ಟದ ಜಾಗ ಕೆರೆಯಲ್ಲ, ಒಂದು ಅಟ್ಟ. ಸುಭಾಸ ರಸ್ತೆಯ ಗದ್ದಲದಲ್ಲಿ, ಮೆಟ್ಟಿಲು ಹತ್ತಿದರೆ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿ 1933ರಲ್ಲಿ ಶುರು ಮಾಡಿದ ಪ್ರಕಾಶನ. ಎಲ್ಲರ ಬಾಯಲ್ಲಿ ಅದು ಬರೀ ‘ಅಟ್ಟ’. ಅಲ್ಲಿಂದ ಗುಡ್ಡ ಕಾಣೋದಿಲ್ಲ, ಮಂಜು ಬರೋದಿಲ್ಲ. ಪುಸ್ತಕದ ರಾಶಿ, ಕಾಗದದ ವಾಸನೆ, ಕೆಳಗೆ ಪೇಟೆಯ ಸದ್ದು, ಅಷ್ಟೇ. ಅಲ್ಲಿಗೆ ಇಪ್ಪತ್ತು ದಾಟಿದ ಹುಡುಗನೊಬ್ಬನ ನಾಟಕದ ಹಸ್ತಪ್ರತಿ ಬಂತು. ಹುಡುಗ ಗಿರೀಶ ಕಾರ್ನಾಡ, ನಾಟಕ ‘ಯಯಾತಿ’. ಜಿ.ಬಿ. ಮತ್ತು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಓದಿದರು, ಚರ್ಚಿಸಿದರು, ತಿದ್ದಿಸಿದರು. 1961ರಲ್ಲಿ ಅಚ್ಚು ಹಾಕಿದರು. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳೇ ಇಲ್ಲ ಅಂತ ಕುರ್ತಕೋಟಿ ಗೊಣಗಿದ್ದರು. ಕಾರ್ನಾಡರಿಗೆ ಅದು ಚುಚ್ಚಿತು. ಚರಿತ್ರೆ ಪುಸ್ತಕ ತೆಗೆದು ಕೂತರು, ಅಲ್ಲಿ ತುಘಲಕ್ ಸಿಕ್ಕಿದ. ಒಂದು ಊರು ಬರೆಸುತ್ತದೆ ಅಂದರೆ ನನ್ನ ಲೆಕ್ಕದಲ್ಲಿ ಇದು. ಯಾರೋ ಹಿರಿಯರು ಗೊಣಗಬೇಕು, ಆ ಗೊಣಗಾಟ ಕಿವಿಗೆ ಬೀಳುವಷ್ಟು ಹತ್ತಿರ ನೀವಿರಬೇಕು.

ಸಂಗೀತದ ಕಥೆಯೂ ಹೀಗೇ. ಹುಬ್ಬಳ್ಳಿ-ಧಾರವಾಡದ ಸುತ್ತ ಇಷ್ಟೊಂದು ಹಿಂದುಸ್ತಾನಿ ಗಾಯಕರು ಹುಟ್ಟಿದ್ದಕ್ಕೂ ನೀರಿಗೇ ಮರ್ಯಾದೆ ಸಲ್ಲುತ್ತದೆ. ನಾನು ಅರ್ಧ ಮರ್ಯಾದೆ ರೈಲಿಗೆ ಕೊಡುತ್ತೇನೆ. ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರಿಗೆ ಮೈಸೂರು ಅರಮನೆಯಿಂದ ಕರೆ ಬರುತ್ತಿತ್ತು. ಹೋಗುತ್ತಾ ಬರುತ್ತಾ ಈ ಕಡೆ ಇಳಿಯುತ್ತಿದ್ದರು. ಅವರ ಶಿಷ್ಯರಾದವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರ ಹತ್ತಿರ ಕಲಿಯೋದಕ್ಕೆ ಗದಗಿನ ಕಡೆಯಿಂದ ಭೀಮಸೇನ ಜೋಶಿ ಬಂದರು. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಪಾಠ ಹೇಳಿಸಿಕೊಂಡರು. ಮನೆ, ಮಕ್ಕಳು, ಖರ್ಚು, ಜನರ ಮಾತು ಎಲ್ಲ ಸಂಭಾಳಿಸಿಕೊಂಡು ಬೆಳಿಗ್ಗೆ ಸಂಜೆ ರೈಲು ಹತ್ತಿ ಇಳಿದ ಹೆಣ್ಣುಮಗಳ ಸಾಧನೆಯನ್ನು ಗಾಳಿಯ ಲೆಕ್ಕಕ್ಕೆ ಬರೆಯೋದು ಎಷ್ಟು ಸರಿ? ಮಲ್ಲಿಕಾರ್ಜುನ ಮನಸೂರರನ್ನು ಗುರುತಿಸಿದ್ದೂ ನಾಟಕ ಕಂಪನಿಯ ರಂಗದ ಮೇಲೆ. ಹುಡುಗನ ಹಾಡು ಕೇಳಿದ ನೀಲಕಂಠಬುವಾ ಮಿರಜಿಗೆ ಕರೆದುಕೊಂಡು ಹೋದರು. ಈ ಸೀಮೆಯಲ್ಲಿ ಕೇಳುವ ಕಿವಿ ಇತ್ತು, ಹೋಗಿ ಬರುವ ದಾರಿ ಇತ್ತು, ಹಾಡಿದರೆ ನಾಲ್ಕು ಕಾಸು ಕೊಡುವ ಕಂಪನಿಗಳಿದ್ದವು.

ಹೆಗ್ಗೋಡನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಸಾಗರದ ಸುತ್ತ ಅಂಥ ಅಡಿಕೆ ತೋಟದ ಹಳ್ಳಿಗಳು ಲೆಕ್ಕವಿಲ್ಲದಷ್ಟಿವೆ. ಅದೇ ಮಳೆ, ಅದೇ ಕೊಳೆ ರೋಗ, ಅದೇ ಸೊಸೈಟಿ ಮೀಟಿಂಗು. ಆದರೆ 1949ರಲ್ಲಿ ನೀನಾಸಮ್ ಅನ್ನೋ ನಾಟಕ ಸಂಘ ಹುಟ್ಟಿದ್ದು ಹೆಗ್ಗೋಡಿನಲ್ಲಿ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಇದ್ದದ್ದು ಅಲ್ಲಿ. ಊರಿನ ಜನ ಬೆರ್ಗ್‌ಮನ್, ಕುರೊಸಾವಾ ಸಿನಿಮಾ ನೋಡಿದ್ದು, ನಾಟಕ ಶಾಲೆ ಬಂದದ್ದು, ಎಲ್ಲೆಲ್ಲಿಂದಲೋ ಬರಹಗಾರರು ಬಂದು ಶಿಬಿರದಲ್ಲಿ ಕೂತು ವಾದ ಮಾಡಿದ್ದು ಎಲ್ಲ ಅದರಿಂದ. ಆ ಜಾಗ ಸಿಕ್ಕಿದ್ದಲ್ಲ, ಮಾಡಿಕೊಂಡದ್ದು.

ಈಗ ಕುವೆಂಪು ಅವರ ಊರು ಕುಪ್ಪಳಿಗೆ ಬರೋಣ. ಏಕೆಂದರೆ ಇಲ್ಲಿಯವರೆಗೆ ಓದಿದವರು ‘ಕುವೆಂಪು ವಿಷಯ ಏನಪ್ಪಾ ಹಾಗಾದ್ರೆ?’ ಅಂತ ಕೇಳಿಯೇ ಕೇಳುತ್ತೀರಿ. ಕೇಳಬೇಕಾದ್ದೇ. ಕುಪ್ಪಳಿಯ ಕಾಡಿಲ್ಲದೆ ಕುವೆಂಪು ಇಲ್ಲ, ಒಪ್ಪಿದೆ. ಆದರೆ ‘ಮಲೆಗಳಲ್ಲಿ ಮದುಮಗಳು’ ಬರೆದದ್ದು ಎಲ್ಲಿ? ಮೈಸೂರಿನ ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿ. ಅದು ಅಚ್ಚಾದದ್ದು 1967ರಲ್ಲಿ. ಅಷ್ಟು ಹೊತ್ತಿಗೆ ಅವರು ಊರು ಬಿಟ್ಟು ಪೇಟೆ ಸೇರಿ ದಶಕಗಳೇ ಕಳೆದಿದ್ದವು, ಕುಲಪತಿ ಹುದ್ದೆಯಿಂದಲೂ ನಿವೃತ್ತರಾಗಿದ್ದರು. ಕಾಡಿನ ಆ ಕತ್ತಲೆ, ಆ ಜಿಗಣೆ, ಆ ಹಂದಿಬೇಟೆ ಎಲ್ಲ ಸಪಾಟು ಮೈಸೂರಿನ ಮನೆಯೊಂದರಲ್ಲಿ ಕಾಗದಕ್ಕೆ ಇಳಿದವು.

ಅದೇ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಪಿಎಚ್‌ಡಿ ಮಾಡೋಕೆ ಹೋದವರು ಒಂದು ಸಂಜೆ ಬೆರ್ಗ್‌ಮನ್ನನ ಸಿನಿಮಾ ನೋಡಿದರು, ಅದೂ ಸಬ್‌ಟೈಟಲ್ ಇಲ್ಲದೆ. ಮಧ್ಯಯುಗದ ಪ್ಲೇಗಿನ ಕಥೆ. ಅದನ್ನು ನೋಡುತ್ತಾ ಅವರಿಗೆ ತಮ್ಮ ಅಗ್ರಹಾರ ಕಣ್ಣಿಗೆ ಕಟ್ಟಿತು. ನಾರಾಯಣರ ‘ದಿ ಗೈಡ್’ ಕೂಡ ಹೀಗೇ. ಮೈಸೂರಿನ ಬರಗಾಲದಲ್ಲಿ ಮಳೆಗಾಗಿ ಬ್ರಾಹ್ಮಣರ ಗುಂಪೊಂದು ಕಾವೇರಿಯಲ್ಲಿ ನಿಂತು ಜಪ ಮಾಡಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು, ಬರೆದದ್ದು ಅಮೆರಿಕದ ಬರ್ಕ್ಲಿಯ ಹೋಟೆಲ್ ಕೋಣೆಯಲ್ಲಿ. ಕಾರ್ನಾಡರ ‘ನಾಗಮಂಡಲ’ ಶಿಕಾಗೋದಲ್ಲಿ. ಅದರ ಮೂಲ ಎ.ಕೆ. ರಾಮಾನುಜನ್ ಹೇಳಿದ ನಮ್ಮ ಕಡೆಯ ಅಜ್ಜಿ ಕಥೆ. ದೂರ ಹೋದ ಮೇಲೆ ಊರಿನ ವಿವರಗಳು ಜಾಸ್ತಿ ಚುರುಕಾಗುತ್ತವೆ ಅಂತ ಕಾಣುತ್ತದೆ. ಎದುರಿಗೆ ಇದ್ದಾಗ ಸುಮ್ನೆ ನೋಡಿ ಬಿಟ್ಟುಬಿಡುತ್ತೇವೆ. ಕಾಣದಿದ್ದಾಗ ಒಂದೊಂದನ್ನೂ ಪದದಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ತೇಜಸ್ವಿ ನನ್ನ ವಾದಕ್ಕೆ ಅಡ್ಡ ನಿಲ್ಲುತ್ತಾರೆ. ಅವರು ಮೈಸೂರು ಬಿಟ್ಟು ಮೂಡಿಗೆರೆಗೆ ಹೋದರು, ಅಲ್ಲಿದ್ದುಕೊಂಡೇ ಮೂಡಿಗೆರೆಯ ಬಗ್ಗೆ ಬರೆದರು. ಅಡ್ಡ ನಿಂತರೂ ಹೋಮ್‌ಸ್ಟೇ ಕಡೆ ವಾಲುವುದಿಲ್ಲ, ಅದೇ ಸಮಾಧಾನ. ಅವರು ಹೋದದ್ದು ಕಾಫಿ ಬೆಳೆಯೋದಕ್ಕೆ. ಆಳು ಸಿಗದ ತಾಪತ್ರಯ, ಕೆಟ್ಟುಹೋದ ಪಂಪು, ಕಳ್ಳತನ, ಮೀನಿನ ಗಾಳ ಎಲ್ಲ ಅವರ ದಿನದ ಪಾಡಾಗಿತ್ತು. ಅವರ ಕಾದಂಬರಿ ‘ಕರ್ವಾಲೊ’ದಲ್ಲಿ ಮಂದಣ್ಣ ಮೊದಲು ಸಿಗುವುದು ಜೇನು ಸೊಸೈಟಿಯ ಹತ್ತಿರ. ಗುಡ್ಡದ ತುದಿಯಲ್ಲಿ ನಿಂತು ಸೂರ್ಯಾಸ್ತ ನೋಡುವವನಿಗೆ ಮಂದಣ್ಣ ಸಿಗುವುದಿಲ್ಲ. ಜೇನು ಕೊಳ್ಳಲು ಹೋದವನಿಗೆ ಸಿಗುತ್ತಾನೆ. ಒಂದು ಊರಿನಲ್ಲಿ ನಮಗೆ ಸಾಲ, ಜಗಳ, ಕೆಲಸ, ನೆಂಟಸ್ತನ ಏನಾದರೂ ಒಂದು ಇರಬೇಕು. ಬರೀ ಪ್ರವಾಸಿಯ ಹತ್ತಿರ ಊರು ಬಾಯಿ ಬಿಡುವುದಿಲ್ಲ.

ಚಿತ್ರ ಬರೆಯುವವರ ವಿಷಯ ಸ್ವಲ್ಪ ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳನ್ನು ನೋಡಿದರೆ ಆ ಮಂಜು, ಆ ಬೆಳಕು ಎದುರಿಗೆ ಇಲ್ಲದೆ ಆಗುವ ಕೆಲಸ ಅಲ್ಲ ಅನ್ನಿಸುತ್ತದೆ. ಅವರಿಗೆ ಕಿಟಕಿ ಬೇಕು, ಪರದೆ ಬೇಡ. ಆದರೂ ಅವರು ಅಲ್ಲಿಗೆ ಹೋದದ್ದು ಅವನೀಂದ್ರನಾಥ ಠಾಕೂರರ ಹತ್ತಿರ ಕೋಲ್ಕತ್ತಾದಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡ ಮೇಲೆ.

ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮಲ್ಲಿ ಸಾಹಿತಿಗಳ ಜಾಗ ಉಳಿಸೋದು ಅಂದರೆ ಮನೆಯನ್ನು ಮ್ಯೂಸಿಯಂ ಮಾಡೋದು ಅಂತ ಆಗಿಬಿಟ್ಟಿದೆ. ಕನ್ನಡಕ, ಪೆನ್ನು, ಕೋಟು, ಗಾಜಿನ ಪೆಟ್ಟಿಗೆ. ಮಾಡಲಿ, ಸಂತೋಷ. ಕುಪ್ಪಳಿಯ ಕವಿಮನೆ ಚೆನ್ನಾಗಿಯೇ ಇದೆ. ಆದರೆ ಅಲ್ಲಿನ ಗುಡ್ಡ ಕವಿಶೈಲಕ್ಕೆ ಹೋದವರು ಅಲ್ಲಿನ ಕಲ್ಲಿನ ಕಂಬಗಳ ಜೊತೆ ಸೆಲ್ಫಿ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಅಲ್ಲೇ ಒಂದು ಬಂಡೆಯ ಮೇಲೆ ಅಕ್ಷರ ಕೊರೆದಿದ್ದಾರೆ, ಬಗ್ಗಿ ನೋಡಬೇಕು. ಅಲ್ಲಿರೋದು ಕುವೆಂಪು ಹೆಸರೊಂದೇ ಅಲ್ಲ. ಬಿ.ಎಂ.ಶ್ರೀ ಇದ್ದಾರೆ, ಟಿ.ಎಸ್. ವೆಂಕಣ್ಣಯ್ಯ ಇದ್ದಾರೆ. ಇಬ್ಬರೂ ಕುವೆಂಪು ಅವರ ಗುರುಗಳು. ಶಿಷ್ಯನ ಊರಿಗೆ ಬಂದು, ಶಿಷ್ಯನ ಜೊತೆ ಗುಡ್ಡ ಹತ್ತಿ, ಕಲ್ಲಿನ ಮೇಲೆ ಕೂತವರು. ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾದದ್ದು ಆ ವೆಂಕಣ್ಣಯ್ಯನವರಿಗೇ. ನಾವು ಏಕಾಂತದ ಗುಡಿ ಅಂದುಕೊಂಡ ಜಾಗದಲ್ಲೂ ಮಾತುಕತೆ ನಡೆದಿತ್ತು ಅನ್ನೋದಕ್ಕೆ ಆ ಬಂಡೆ ಸಾಕ್ಷಿ.

ನನ್ನ ಬೇಡಿಕೆ ಸಣ್ಣದು. ಸರ್ಕಾರವೋ ಸಂಘವೋ ಯಾರಾದರೂ ಸರಿ, ಒಂದು ಗಾಜಿನ ಪೆಟ್ಟಿಗೆ ಕಡಿಮೆ ಮಾಡಿ, ತಾಲ್ಲೂಕು ಕೇಂದ್ರದ ಗ್ರಂಥಾಲಯವನ್ನು ರಾತ್ರಿ ಹತ್ತರವರೆಗೆ ತೆಗೆದಿಡಿ. ಜೋರಾಗಿ ಮಾತಾಡಬಹುದಾದ ಒಂದು ರೂಮು ಕೊಡಿ. ಫ್ಯಾನು ತಿರುಗಲಿ, ಕೆಳಗೆ ಚಹಾದಂಗಡಿ ಇರಲಿ. ನೋಟ ಏನೂ ಬೇಡ, ಎದುರಿಗೆ ಬಸ್ ಡಿಪೋ ಗೋಡೆ ಇದ್ದರೂ ನಡೆಯುತ್ತದೆ.

ನಿಮ್ಮೂರಲ್ಲಿ ಇಂಥ ಅಟ್ಟ, ಕಟ್ಟೆ, ಪ್ರೆಸ್ಸು, ಹೋಟೆಲು ಏನಾದರೂ ಇನ್ನೂ ಉಳಿದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಹಾಕಿ. ಹೊರಗಿನವರು ಹೋಗಿ ಕೂತರೆ ಏನೂ ಅನ್ನೋದಿಲ್ಲವಾ, ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ, ಅದನ್ನೂ ತಿಳಿಸಿ.