ಅಟ್ಲಾಂಟಾಕ್ಕೆ ಮೂರನೇ ಸಲ ಹಾಕಿ ಟೀಮ್ ಬೇಕಾ?

ಅಟ್ಲಾಂಟಾದ ಉತ್ತರಕ್ಕಿರುವ ನಮ್ಮ ಫೋರ್ಸೈತ್ ಕೌಂಟಿಯಲ್ಲಿ ನಾಲ್ಕು ಜನ ಎಲ್ಲಿ ಸೇರಿದರೂ ಅರೀನಾ ಮಾತು ಬಂದೇ ಬರುತ್ತದೆ. ಜಾರ್ಜಿಯಾ 400 ಹೆದ್ದಾರಿ ಪಕ್ಕ 18,000ಕ್ಕೂ ಹೆಚ್ಚು ಜನ ಕೂರುವ ಅರೀನಾ ಕಟ್ಟಿ, ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಟೀಮ್ ಒಂದನ್ನು ಕರೆತರುವ ಆಲೋಚನೆ ಇದು. ಪಕ್ಕದ ಆಲ್ಫರೆಟ್ಟಾದವರಿಗೂ ಇದೇ ಆಸೆ. ನಮ್ಮ ಕನ್ನಡದ ಗೆಳೆಯರ ಬಳಗದಲ್ಲಿ ಮಾತ್ರ ಒಂದೇ ರಾಗ: "ಈ ಸೆಖೆ ಊರಲ್ಲಿ ಐಸ್ ಹಾಕಿ ಯಾರ್ ನೋಡ್ತಾರೆ ಮಾರಾಯ? ಬಂದ ಎರಡು ಟೀಮೂ ಕೆನಡಾಕ್ಕೆ ಓಡಿಹೋದವಲ್ಲ!"

ಓಡಿಹೋಗಿದ್ದು ನಿಜ. ಆದರೆ ಸೆಖೆಯಿಂದಲ್ಲ.

ಮೊದಲ ಟೀಮ್ ಫ್ಲೇಮ್ಸ್. 1972ರಲ್ಲಿ ಬಂತು, 1980ರಲ್ಲಿ ಕ್ಯಾಲ್ಗರಿಗೆ ಹೋಯಿತು. ಎಂಟು ಸೀಸನ್‌ಗಳಲ್ಲಿ ಆರು ಸಲ ಪ್ಲೇಆಫ್ ಮುಟ್ಟಿದ್ದ ಟೀಮ್ ಅದು. ಆಟ ಪರವಾಗಿರಲಿಲ್ಲ, ಮಾಲೀಕರ ಕೈಲಿ ದುಡ್ಡು ಓಡಲಿಲ್ಲ.

ಎರಡನೆಯದು ಥ್ರಾಶರ್ಸ್. ಇದರ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. 1999ರಲ್ಲಿ ಶುರು. ಮೊದಲ ಸೀಸನ್‌ನ 82 ಪಂದ್ಯಗಳಲ್ಲಿ ಗೆದ್ದದ್ದು 14. ಹನ್ನೊಂದು ಸೀಸನ್‌ಗಳಲ್ಲಿ ಪ್ಲೇಆಫ್ ಕಂಡಿದ್ದು ಒಂದೇ ಸಲ, 2007ರಲ್ಲಿ. ಅಲ್ಲೂ ನ್ಯೂಯಾರ್ಕ್ ರೇಂಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋಲು. ಇಷ್ಟರ ಮಧ್ಯೆ ಮಾಲೀಕರು ತಮ್ಮ ತಮ್ಮಲ್ಲೇ ಕೋರ್ಟ್ ಹತ್ತಿ ವರ್ಷಗಟ್ಟಲೆ ಜಗಳವಾಡಿದರು. ಹಾಕ್ಸ್ ಬ್ಯಾಸ್ಕೆಟ್‌ಬಾಲ್ ಟೀಮೂ ಅವರದೇ, ಅರೀನಾ ನಡೆಸುವ ಹಕ್ಕೂ ಅವರದೇ. ಅವೆರಡನ್ನೂ ತಮ್ಮಲ್ಲೇ ಇಟ್ಟುಕೊಂಡು ಹಾಕಿ ಟೀಮನ್ನು ಮಾತ್ರ ಮಾರಾಟಕ್ಕಿಟ್ಟರು. ಅರೀನಾ ಇಲ್ಲದ ಟೀಮ್ ಕೊಂಡು ಪಕ್ಕದವರಿಗೆ ಬಾಡಿಗೆ ಕಟ್ಟಲು ಈ ಊರಲ್ಲಿ ಯಾರು ಮುಂದೆ ಬರುತ್ತಾರೆ? ಕೊನೆಗೆ 2011ರಲ್ಲಿ ವಿನಿಪೆಗ್‌ನವರು ಕೊಂಡೊಯ್ದರು. ಸೋಲುವ ಟೀಮ್ ಕೊಟ್ಟು, ನಿಮ್ಮ ಜನ ಬರಲಿಲ್ಲ ಅಂದರೆ ಹೇಗೆ? ಊಟಕ್ಕೆ ಉಪ್ಪು ಹಾಕದೆ ಬಡಿಸಿ, ನೆಂಟರಿಗೆ ಹಸಿವೇ ಇಲ್ಲ ಅಂದಂತಾಯಿತು.

ಸೆಖೆ ವಾದಕ್ಕೆ ಉತ್ತರ ಬೇಕಿದ್ದರೆ ಲಾಸ್ ವೇಗಸ್ ನೋಡಿ. ನಡು ಮರುಭೂಮಿ. 50 ಕೋಟಿ ಡಾಲರ್ ಕಟ್ಟಿ ಟೀಮ್ ಪಡೆದರು. ಅಷ್ಟು ದುಡ್ಡು ಇಸಿದುಕೊಂಡ ಲೀಗ್, ಉಳಿದ ಟೀಮ್‌ಗಳಿಂದ ಒಳ್ಳೆಯ ಆಟಗಾರರನ್ನು ಆರಿಸಿಕೊಳ್ಳುವಂತೆ ನಿಯಮ ಮಾಡಿಕೊಟ್ಟಿತು. ಮೊದಲ ಸೀಸನ್‌ನಲ್ಲೇ, 2018ರಲ್ಲಿ, ಫೈನಲ್. 2023ರಲ್ಲಿ ಲೀಗ್‌ನ ಚಾಂಪಿಯನ್ ಪಟ್ಟ, ಸ್ಟ್ಯಾನ್ಲಿ ಕಪ್. ಇನ್ನೊಂದು ಕಡೆ ಕ್ವಿಬೆಕ್ ಸಿಟಿ. ಚಳಿ ಇದೆ, ಹಾಕಿ ಹುಚ್ಚಿದೆ, 2015ರಿಂದ ಹೊಸ ಅರೀನಾ ಕೂಡ ಇದೆ. ವೇಗಸ್ ಜೊತೆಗೇ ಅರ್ಜಿ ಹಾಕಿದವರು ಅವರು. ಇನ್ನೂ ಟೀಮ್ ಇಲ್ಲ. ಟಿಕೆಟ್ ದುಡ್ಡು ಕೆನಡಾ ಡಾಲರ್‌ನಲ್ಲಿ ಬರುತ್ತದೆ, ಆಟಗಾರರ ಸಂಬಳ ಅಮೆರಿಕದ ಡಾಲರ್‌ನಲ್ಲಿ ಹೋಗುತ್ತದೆ. ಊರೂ ಚಿಕ್ಕದು. ಲೀಗ್‌ನವರು ಥರ್ಮಾಮೀಟರ್ ನೋಡಿ ಊರು ಆರಿಸುವುದಿಲ್ಲ ಸ್ವಾಮಿ!

ನನ್ನ ಪ್ರಕಾರ ಊರಿಗಿಂತಲೂ ಮುಖ್ಯ, ಆ ಊರಿನ ಯಾವ ಮೂಲೆ ಅನ್ನುವುದು. ಅರಿಜೋನಾದ ಹಾಕಿ ಟೀಮ್ ಫೀನಿಕ್ಸ್ ಕಯೋಟೀಸ್ ಕಥೆ ಅದೇ ಅಲ್ವಾ? ಟಿಕೆಟ್ ಕೊಳ್ಳುವವರು ಜಾಸ್ತಿ ಇದ್ದದ್ದು ಪೂರ್ವದ ಸ್ಕಾಟ್ಸ್‌ಡೇಲ್ ಕಡೆ. ಅರೀನಾ ಕಟ್ಟಿದ್ದು ಪಶ್ಚಿಮದ ಗ್ಲೆಂಡೇಲ್‌ನಲ್ಲಿ. ಟೀಮ್ ದಿವಾಳಿಯಾಯಿತು, ಲೀಗೇ ಕೈಗೆ ತೆಗೆದುಕೊಂಡಿತು, ಕೊನೆಗೆ ಐದು ಸಾವಿರ ಜನವೂ ಹಿಡಿಯದ ಕಾಲೇಜು ಅರೀನಾದಲ್ಲಿ ಆಡುವ ಗತಿ ಬಂತು. 2024ರಲ್ಲಿ ಆಟಗಾರರೆಲ್ಲ ಸಾಲ್ಟ್ ಲೇಕ್ ಸಿಟಿಗೆ ಹೊರಟರು. ಅದೇ ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಹುಡುಗ ಆಸ್ಟನ್ ಮ್ಯಾಥ್ಯೂಸ್ 2016ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು) ಮೊದಲನೆಯವನಾಗಿ ಆಯ್ಕೆಯಾದ. ಮರುಭೂಮಿಯಲ್ಲಿ ಆಟಗಾರ ಬೆಳೆದ, ಟೀಮ್ ಉಳಿಯಲಿಲ್ಲ.

ಒಂದು ಸೀಸನ್‌ಗೆ ತವರಿನಲ್ಲೇ ನಲವತ್ತಕ್ಕೂ ಹೆಚ್ಚು ಪಂದ್ಯ. ಅದರಲ್ಲಿ ಬಹಳಷ್ಟು ವಾರದ ನಡುವಿನ ಸಂಜೆ ಏಳಕ್ಕೆ. ನಮ್ಮ ಕೌಂಟಿಯ ಕಮಿಂಗ್‌ನಲ್ಲಿ ಆಫೀಸ್ ಮುಗಿಸಿ, ಮಕ್ಕಳನ್ನು ಕಟ್ಟಿಕೊಂಡು, ಆ ಟ್ರಾಫಿಕ್‌ನಲ್ಲಿ ಡೌನ್‌ಟೌನ್ ತಲುಪುವುದು ಯಾರಿಗೆ ಬೇಕು? ಬ್ರೇವ್ಸ್ ಬೇಸ್‌ಬಾಲ್ ಟೀಮ್ ಇದನ್ನು ಅರ್ಥ ಮಾಡಿಕೊಂಡೇ 2017ರಲ್ಲಿ ಊರ ಹೊರಗಿನ ಕಾಬ್ ಕೌಂಟಿಗೆ ಎದ್ದುಹೋಯಿತು. ಹಾಗಾಗಿ ಉತ್ತರದ ಕಡೆ ಅರೀನಾ ಅನ್ನುವುದು ಸರಿಯಾದ ಯೋಚನೆ. ಇಲ್ಲಿ ದುಡಿಯುವ ಕುಟುಂಬಗಳಿವೆ, ಖರ್ಚು ಮಾಡುವವರಿದ್ದಾರೆ. ನಮ್ಮವರೂ ಬಂದಾರು. ಆಲ್ಫರೆಟ್ಟಾದ ರಿಂಕ್‌ನಲ್ಲಿ ನಮ್ಮ ಮಕ್ಕಳೂ ಬಿದ್ದೆದ್ದು ಸ್ಕೇಟಿಂಗ್ ಕಲಿಯುತ್ತಿದ್ದಾರೆ. (ಅಪ್ಪಂದಿರು ಹೊರಗೆ ಕೂತು ಫೋನಲ್ಲಿ ಕ್ರಿಕೆಟ್ ಸ್ಕೋರ್ ನೋಡ್ತಿರ್ತಾರೆ, ಅದು ಬೇರೆ ಮಾತು.)

ಒಂದು ತಕರಾರು, ರಸ್ತೆಯದ್ದು. ಅಟ್ಲಾಂಟಾದ ಮಾರ್ಟಾ ರೈಲು ನಮ್ಮ ಕೌಂಟಿ ಮುಟ್ಟುವ ಮೊದಲೇ ನಾರ್ತ್ ಸ್ಪ್ರಿಂಗ್ಸ್‌ಗೇ ನಿಂತುಬಿಡುತ್ತದೆ. ಹದಿನೆಂಟು ಸಾವಿರ ಜನ 400ರ ಮೇಲೇ ಬರಬೇಕು, ಅದರ ಮೇಲೇ ಹೋಗಬೇಕು.

ಮತ್ತೆ, ಅರೀನಾಕ್ಕಾಗಿ ಕೌಂಟಿ ಮಾಡುವ ಸಾಲದ ಮಾತು. ಕಾಬ್ ಕೌಂಟಿ ಬ್ರೇವ್ಸ್‌ಗಾಗಿ ಸುಮಾರು 30 ಕೋಟಿ ಡಾಲರ್ ಸುರಿಯಿತು. ಅತ್ತ ಫೀನಿಕ್ಸ್ ಪಕ್ಕದ ಟೆಂಪಿಯ ಮತದಾರರು 2023ರಲ್ಲಿ ಕಯೋಟೀಸ್ ಅರೀನಾ ಯೋಜನೆಗೆ ಬೇಡ ಅಂತ ಓಟು ಹಾಕಿದರು. ನಾನು ಟೀಮ್ ಬೇಕು ಅನ್ನುವವನು. ಆದರೂ ಟೆಂಪಿಯವರನ್ನು ಬೈಯಲು ಮನಸ್ಸು ಬರುವುದಿಲ್ಲ. ಟೀಮ್ ಹೊರಟುಹೋಗಬಹುದು, ಬಾಂಡ್ ಸಾಲ ಇಲ್ಲೇ ಇರುತ್ತದೆ, ಆಸ್ತಿ ತೆರಿಗೆ ಕಟ್ಟುವ ನಾವೂ ಇಲ್ಲೇ ಇರುತ್ತೇವೆ.

ಆದ್ದರಿಂದ ಕೌಂಟಿ ಮೀಟಿಂಗ್‌ಗೆ ಹೋಗುವವರು ದಯವಿಟ್ಟು ಎರಡು ಪ್ರಶ್ನೆ ಕೇಳಿ. ಟೀಮ್ ಮತ್ತು ಅರೀನಾ ಎರಡೂ ಒಬ್ಬರದೇ ಆಗಿರುತ್ತವಾ? ಟೀಮ್ ಮಾರಿ ಊರು ಬಿಟ್ಟರೆ ಉಳಿದ ಸಾಲವನ್ನು ಅವರೇ ತೀರಿಸುತ್ತೇವೆಂದು ಬರೆದುಕೊಡುತ್ತಾರಾ? ಎರಡಕ್ಕೂ ಹೌದು ಅಂದರೆ, ಸೀಸನ್ ಟಿಕೆಟ್ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಬರೆಯಿರಿ, ಜಗಳಕ್ಕೆ ರೆಡಿ.