ಜಪಾನಿ ಮ್ಯೂಸಿಕಲ್ ಪೋಸ್ಟರ್ ಕೊಳ್ಳುವ ಮುನ್ನ ಕೆಳಗಿನ ಅಂಚು ಓದಿ

ಹಳೆಯ ಹಾಲಿವುಡ್ ಮ್ಯೂಸಿಕಲ್‌ಗಳ ಜಪಾನಿ ಪೋಸ್ಟರ್ ಹುಡುಕುತ್ತಿರುವವರು ನಾಯಕಿಯ ಮುಖಕ್ಕೆ ಮರುಳಾಗುವ ಮೊದಲು ಕೆಳಗಿನ ಅಂಚು ನೋಡಬೇಕು. 'ಮೊದಲ ಬಿಡುಗಡೆಯದು' ಎಂದು ಮಾರಾಟಕ್ಕೆ ಬರುವ ಎಷ್ಟೋ ಪೋಸ್ಟರ್‌ಗಳು ನಿಜಕ್ಕೂ ಮರುಬಿಡುಗಡೆಯವು. ಮನೆಗೆ ವಿಡಿಯೊ ಬರುವ ಮುಂಚೆ ಹಾಡು-ಕುಣಿತದ ಚಿತ್ರವನ್ನು ಇನ್ನೊಮ್ಮೆ ನೋಡಬೇಕೆಂದರೆ ಚಿತ್ರಮಂದಿರವೇ ಗತಿ. ಹಾಗಾಗಿ ವಿತರಕರು ಅವನ್ನು ಮತ್ತೆ ಮತ್ತೆ ತಂದರು, ಜೊತೆಗೆ ಹೊಸ ಪೋಸ್ಟರನ್ನೂ ಅಚ್ಚು ಹಾಕಿಸಿದರು. 'ವೆಸ್ಟ್ ಸೈಡ್ ಸ್ಟೋರಿ' 1961ರ ಡಿಸೆಂಬರ್‌ನಲ್ಲಿ ಟೋಕಿಯೊದ ಮಾರುನೊಉಚಿ ಪಿಕಾಡಿಲಿ ಚಿತ್ರಮಂದಿರಕ್ಕೆ ಬಂದು 511 ದಿನ ಓಡಿತು. ಅಂಥ ಚಿತ್ರವನ್ನು ಯಾವ ವಿತರಕ ಒಂದೇ ಸಲಕ್ಕೆ ಬಿಟ್ಟಾನು?

ಕಾಲ ಗುರುತಿಸಲು ಕೆಳಗಿನ ಅಂಚಿನಲ್ಲಿರುವ ವಿತರಕರ ಲಾಂಛನಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಹಾಲಿವುಡ್ ಸ್ಟುಡಿಯೊ ಎಂಜಿಎಂ ತನ್ನ ವಿದೇಶಿ ವಿತರಣೆಯನ್ನು ಸಿಐಸಿ ಸಂಸ್ಥೆಗೆ ಒಪ್ಪಿಸಿದ್ದು 1973ರಲ್ಲಿ. ಎಂಜಿಎಂನದೇ ಆದ 'ಸಿಂಗಿನ್ ಇನ್ ದ ರೇನ್' ಜಪಾನಿಗೆ ಬಂದದ್ದು 1953ರಲ್ಲಿ. ಅದರ ಪೋಸ್ಟರಿನ ಮೂಲೆಯಲ್ಲಿ ಸಿಐಸಿ ಗುರುತಿದ್ದರೆ, ಅದು ಎಪ್ಪತ್ತರ ದಶಕದ್ದೋ ಆಮೇಲಿನದೋ ಆಗಿರಲೇಬೇಕು. ಸಿಐಸಿಯ ನಂತರದ ಹೆಸರಾದ ಯುಐಪಿ ಎಂದಿದ್ದರೆ 1981ಕ್ಕಿಂತ ಹಿಂದಿನದಲ್ಲ. ಜಪಾನಿನ ವಿತರಕ ತೋವಾ ಕಂಪನಿ 'ತೋಹೊ-ತೋವಾ' ಆದದ್ದು 1975ರಲ್ಲಿ. ಆ ಜೋಡಿ ಹೆಸರೂ ಹಾಗೆಯೇ ಕಾಲ ಹೇಳುತ್ತದೆ. ಆದ್ದರಿಂದ ಮಾರುವವರಿಂದ ಕೆಳಗಿನ ಮೂರು ಸೆಂಟಿಮೀಟರಿನ ಹತ್ತಿರದ ಫೋಟೊ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಕೈಬಿಡಿ.

ಮಾರುವವರ ವಿವರಣೆಯಲ್ಲಿ ಬರುವ ಜಪಾನಿ ಪದಗಳನ್ನು ಗುರುತಿಟ್ಟುಕೊಳ್ಳಿ. 'ರಿಬೈಬರು', 'ಸೈಕೋಕೈ' ಎರಡೂ ಮರುಬಿಡುಗಡೆ. 'ಫುಕ್ಕೊಕು' ಅಂದರೆ ಈಚೆಗೆ ಮರುಮುದ್ರಿಸಿದ್ದು. 'ತೋಜಿಮೋನೊ' ಅಂದರೆ ಆ ಕಾಲದ್ದೇ ವಸ್ತು; ಆದರೆ ಯಾವ ಕಾಲ ಎಂದು ಕೇಳಲೇಬೇಕು, ಏಕೆಂದರೆ ಮರುಬಿಡುಗಡೆಯ ಕಾಲದ್ದನ್ನೂ ಹಾಗೆಯೇ ಕರೆಯುತ್ತಾರೆ. ಜಪಾನಿ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಶೋವಾ ವರ್ಷ ಕೊಟ್ಟಿದ್ದರೆ 1925 ಕೂಡಿಸಿ: ಶೋವಾ 36 ಅಂದರೆ 1961.

ಇನ್ನು ಅಳತೆ. ಸಾಮಾನ್ಯ ಪೋಸ್ಟರ್ ಬಿ2 ಎಂಬ ಕಾಗದದ ಅಳತೆಯದು. ಜಪಾನಿನ ಬಿ2 515 × 728 ಮಿ.ಮೀ., ಅಂತರರಾಷ್ಟ್ರೀಯ ಬಿ2 500 × 707. ಎರಡೂ ಒಂದೇ ಎಂದುಕೊಂಡು ಚೌಕಟ್ಟು ತರಿಸಿದರೆ ಪೋಸ್ಟರ್ ಕೂರುವುದಿಲ್ಲ, ಆಗ ಯಾರೋ ಅಂಚು ಕತ್ತರಿಸುತ್ತಾರೆ, ಅಲ್ಲಿಗೆ ಅದರ ಬೆಲೆ ಹೋಯಿತು. 50 × 70 ಸೆಂ.ಮೀ.ಗೆ ಸರಿಯಾಗಿ ಬಂದ 'ಜಪಾನಿ ಮೂಲ ಪ್ರತಿ' ಕಂಡರೆ ಅದು ಕತ್ತರಿಸಿದ್ದು ಅಥವಾ ನಕಲು ಎಂದೇ ಮೊದಲು ಅನುಮಾನಿಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಸಣ್ಣ ಅಕ್ಷರ ನೋಡಿ. ಮೂಲದ ಆಫ್‌ಸೆಟ್ ಮುದ್ರಣದಲ್ಲಿ ಕಪ್ಪು ಅಕ್ಷರದ ಅಂಚು ಒಂದೇ ಶಾಯಿಯದು, ಗಟ್ಟಿಯಾಗಿರುತ್ತದೆ. ಸ್ಕ್ಯಾನ್ ಮಾಡಿ ತೆಗೆದ ಪ್ರತಿಯಲ್ಲಿ ಅಕ್ಷರವೂ ಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ.

ಹಿಂಬದಿಯ ಫೋಟೊ ಇಲ್ಲದೆ ದುಡ್ಡು ಕಟ್ಟಬೇಡಿ. ಮುಂದೆ ಕಾಣದ ಟೇಪಿನ ಕಲೆ, ಹರಿದದ್ದಕ್ಕೆ ಹಚ್ಚಿದ ತೇಪೆ, ಪಿನ್ನಿನ ತೂತು ಎಲ್ಲ ಅಲ್ಲಿರುತ್ತವೆ. ಮೂಲೆಯ ಪಿನ್ ತೂತುಗಳ ಬಗ್ಗೆ ನನಗೆ ತಕರಾರಿಲ್ಲ, ಪೋಸ್ಟರ್ ಗೋಡೆಯಲ್ಲಿ ನಿಂತು ಕೆಲಸ ಮಾಡಿದ ಗುರುತು ಅದು. ಬಿಸಿಲಿಗೆ ಮಾಸಿದ್ದು ಮಾತ್ರ ಬೇಡ. ಕೆಂಪು, ಹಳದಿ ಮೊದಲು ಹೋಗಿ ಮುಖಗಳು ನೀಲಿಗಟ್ಟುತ್ತವೆ, ಯಾವ ದುರಸ್ತಿಯೂ ಅದನ್ನು ಹಿಂದಕ್ಕೆ ತರದು. ಸುಸ್ಥಿತಿಯ ಬಿ2ಗೆ ಹಿಂಬದಿಯಲ್ಲಿ ಆಧಾರಕ್ಕೆ ಬಟ್ಟೆ ಅಂಟಿಸುವುದೂ ಬೇಡ; ಮಡಿಕೆಯಲ್ಲಿ ಸೀಳುತ್ತಿರುವ ಪ್ರತಿಗಷ್ಟೇ ಅದು. ಹಳೆಯ ಟೇಪನ್ನು ಕೈಯಿಂದ ಎಳೆದರೆ ಶಾಯಿಯೂ ಕಿತ್ತು ಬರುತ್ತದೆ.

ಹೊಸದಾಗಿ ಶುರುಮಾಡುವವರು ಮೊದಲ ಬಿಡುಗಡೆಯ ಬೆನ್ನು ಹತ್ತಬೇಕಿಲ್ಲ. ಎಪ್ಪತ್ತರ ದಶಕದ ಮರುಬಿಡುಗಡೆಯ ಬಿ2, ಇಲ್ಲವೇ ಚಿತ್ರಮಂದಿರದಲ್ಲಿ ಹಂಚುತ್ತಿದ್ದ ಬಿ5 ಅಳತೆಯ ಚಿರಾಶಿ (ಜಾಹೀರಾತು ಕರಪತ್ರ) ಕೊಳ್ಳಿ. ಮರುಬಿಡುಗಡೆಯದು ಎಂದು ಹೇಳಿಯೇ ಮಾರಿದ ಪ್ರತಿ, ಅನುಮಾನದ ದುಬಾರಿ 'ಮೂಲ'ಕ್ಕಿಂತ ನೂರು ಪಾಲು ಮೇಲು.

ಪೋಸ್ಟರನ್ನು ಪಾಲಿಯೆಸ್ಟರ್ ಹಾಳೆಯಲ್ಲಿಡಿ, ಪಿವಿಸಿ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹೊರಗೋಡೆಗೆ ನೇತುಹಾಕಬೇಡಿ, ತೇವ ಗೋಡೆಯಿಂದಲೇ ಬರುತ್ತದೆ. ತರಿಸುವಾಗ 60 ಸೆಂ.ಮೀ. ಉದ್ದದ, ಕನಿಷ್ಠ 8 ಸೆಂ.ಮೀ. ಅಗಲದ ಗಟ್ಟಿ ಕೊಳವೆಯಲ್ಲೇ ಕಳಿಸಲು ಹೇಳಿ. ಬಂದ ಮೇಲೆ ಆಮ್ಲರಹಿತ ಹಾಳೆಗಳ ನಡುವೆ ಹರಡಿ, ಮೇಲೆ ಸಮನಾದ ಭಾರವಿಟ್ಟು ಕೆಲವು ದಿನ ಬಿಡಿ. ಬೇಗ ನೆಟ್ಟಗಾಗಲಿ ಎಂದು ಉಲ್ಟಾ ಸುತ್ತಿದರೆ ಮಡಿಕೆಗಳ ಮೇಲಿನ ಶಾಯಿ ಬಿರಿಯುತ್ತದೆ.